ಬಣ್ಣ ಹಚ್ಚಿದ ಸೆಲ್‌ಗಳ ಎಣಿಕೆ ತಪ್ಪು ಬರುತ್ತಿದೆಯೇ? ದೋಷ ಹುಡುಕುವ ಬಗೆ

ಶೀಟಿನಲ್ಲಿ ಮುಗಿದ ಕೆಲಸಕ್ಕೆ ಹಸಿರು, ಬಾಕಿ ಇರುವುದಕ್ಕೆ ಹಳದಿ, ತಡವಾದದ್ದಕ್ಕೆ ಕೆಂಪು ಹಚ್ಚಿಟ್ಟಿದ್ದೀರಿ. ಈಗ ಹಸಿರು ಎಷ್ಟು, ಕೆಂಪು ಎಷ್ಟು ಅಂತ ಲೆಕ್ಕ ಬೇಕು. ಷರತ್ತಿಗೆ ಹೊಂದುವ ಸೆಲ್‌ಗಳನ್ನು ಎಣಿಸುವ ಕೌಂಟ್‌ಇಫ್ ಫಾರ್ಮುಲಾ ಹಾಕಿದರೆ ಸೊನ್ನೆ ಬರುತ್ತದೆ. ಯಾರೋ ಕೊಟ್ಟ ಮ್ಯಾಕ್ರೊ (ಶೀಟಿನ ಒಳಗೆ ಓಡುವ ಪುಟ್ಟ ಪ್ರೋಗ್ರಾಂ) ಹಾಕಿದರೆ ಒಂದು ಸಂಖ್ಯೆ ಬರುತ್ತದೆ, ಆದರೆ ಬೆರಳಿಟ್ಟು ಎಣಿಸಿದ್ದಕ್ಕೆ ಅದು ತಾಳೆಯಾಗುವುದಿಲ್ಲ. ಇಂಥ ಹೊತ್ತಿನಲ್ಲಿ ಎಲ್ಲಿಂದ ಹುಡುಕಲು ಶುರು ಮಾಡಬೇಕು ಅನ್ನುವುದು ಇಲ್ಲಿದೆ. ಜಾಸ್ತಿ ಮಾತು ಎಕ್ಸೆಲ್ ಬಗ್ಗೆ. ಗೂಗಲ್ ಶೀಟ್ಸ್ ಮತ್ತು ಲಿಬ್ರೆಆಫೀಸ್ ಕ್ಯಾಲ್ಕ್ ಬಗ್ಗೆ ಕೊನೆಯ ಕಡೆ ಹೇಳಿದ್ದೇನೆ.

ಒಂದು ವಿಷಯ ಮೊದಲೇ ಗೊತ್ತಿರಲಿ. ಶೀಟಿನ ಫಾರ್ಮುಲಾಗಳು ಸೆಲ್ಲಿನ ಒಳಗೆ ಏನು ಬರೆದಿದೆಯೋ ಅದನ್ನು ಓದುತ್ತವೆ. ಮೇಲೆ ಹಚ್ಚಿದ ಬಣ್ಣವನ್ನು ಓದುವುದಿಲ್ಲ. ಕೌಂಟ್‌ಇಫ್, ಕೌಂಟ್‌ಇಫ್ಸ್, ಸಮ್‌ಪ್ರಾಡಕ್ಟ್ ಯಾವುದನ್ನು ಕೇಳಿದರೂ ಅಷ್ಟೇ. ಹಾಗಾಗಿ ಕೌಂಟ್‌ಇಫ್‌ಗೆ "ಹಸಿರು" ಅಂತ ಕೊಟ್ಟು ಸೊನ್ನೆ ಬಂದರೆ ಅದು ದೋಷವೇ ಅಲ್ಲ. ಆ ಅಕ್ಷರಗಳು ಬರೆದಿರುವ ಸೆಲ್ ಒಂದೂ ಇಲ್ಲ ಅಂತ ಅದು ಸರಿಯಾಗಿಯೇ ಹೇಳುತ್ತಿದೆ. ಸೆಲ್ ಅನ್ನುವ ಫಂಕ್ಷನ್‌ಗೆ "ಕಲರ್" ಅಂತ ಕೊಡಬಹುದು ಅಂತ ಕೆಲವರು ಹೇಳುತ್ತಾರೆ. ಕೊಟ್ಟರೆ 1 ಅಥವಾ 0 ಬರುತ್ತದೆ ನಿಜ. ಆದರೆ ಸೊನ್ನೆಗಿಂತ ಕಡಿಮೆ ಇರುವ ಸಂಖ್ಯೆಯನ್ನು ಬೇರೆ ಬಣ್ಣದಲ್ಲಿ ತೋರಿಸುವ ನಂಬರ್ ಫಾರ್ಮ್ಯಾಟ್ ಆ ಸೆಲ್ಲಿಗೆ ಇದೆಯೇ ಅನ್ನುವುದಕ್ಕೆ ಮಾತ್ರ ಅದು ಉತ್ತರ. ನೀವು ಹಚ್ಚಿದ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ದಾರಿಯಲ್ಲಿ ಹೊತ್ತು ಕಳೆಯಬೇಡಿ.

ಮೊದಲು ನೋಡಬೇಕಾದ್ದು: ಆ ಬಣ್ಣ ಎಲ್ಲಿಂದ ಬಂತು?

ನನ್ನ ಪ್ರಕಾರ ಈ ತೊಂದರೆಯಲ್ಲಿ ಮುಕ್ಕಾಲು ಪಾಲು ಉತ್ತರ ಇರುವುದು ಈ ಒಂದು ಪ್ರಶ್ನೆಯಲ್ಲೇ. ಸೆಲ್ ಹಸಿರಾಗಿ ಕಾಣಲು ಮೂರು ಕಾರಣ ಇರಬಹುದು. ಒಂದು, ಯಾರೋ ಕೈಯಿಂದ ಬಣ್ಣ ತುಂಬಿದ್ದಾರೆ. ಎರಡು, ಕಂಡೀಷನಲ್ ಫಾರ್ಮ್ಯಾಟಿಂಗ್ ನಿಯಮ, ಅಂದರೆ ಷರತ್ತು ಹೊಂದಿದರೆ ತಾನಾಗಿ ಬಣ್ಣ ತೋರಿಸುವ ನಿಯಮ, ಆ ಬಣ್ಣ ತೋರಿಸುತ್ತಿದೆ. ಮೂರು, ಡೇಟಾವನ್ನು ಟೇಬಲ್ ಮಾಡಿದ್ದರಿಂದ ಟೇಬಲ್ ಸ್ಟೈಲಿನ ಪಟ್ಟೆ ಬಂದಿದೆ. ಕಣ್ಣಿಗೆ ಮೂರೂ ಒಂದೇ. ಎಣಿಸುವ ಸಾಧನಕ್ಕೆ ಮೂರೂ ಬೇರೆ ಬೇರೆ. ಇದನ್ನು ತಿಳಿಯದೆ ಒಂದಾದ ಮೇಲೊಂದು ಮ್ಯಾಕ್ರೊ ಬದಲಿಸಿ ನೋಡುವವರು ಬಹಳ ಮಂದಿ. ಅದರಿಂದ ಆಯಾಸವಾಗುತ್ತದೆಯೇ ಹೊರತು ಕೆಲಸವಾಗುವುದಿಲ್ಲ.

ಪರೀಕ್ಷೆ ಸುಲಭ. ಒಂದು ಬಣ್ಣದ ಸೆಲ್ ಮೇಲೆ ನಿಂತು, ಹೋಮ್ ಟ್ಯಾಬಿನ ಫಿಲ್ ಕಲರ್ ಒತ್ತಿ, ನೋ ಫಿಲ್ ಆರಿಸಿ. ಬಣ್ಣ ಹೋಯಿತೇ? ಹಾಗಾದರೆ ಅದು ಕೈಯಿಂದ ತುಂಬಿದ್ದು. ಹೋಗದೆ ಹಾಗೇ ಉಳಿಯಿತೇ? ಅದು ನಿಯಮದ ಬಣ್ಣ ಅಥವಾ ಟೇಬಲ್ ಪಟ್ಟೆ. ನೋಡಿದ ಮೇಲೆ ಕಂಟ್ರೋಲ್ ಮತ್ತು ಝಡ್ ಒತ್ತಿ ಮೊದಲಿನಂತೆ ಮಾಡಿಬಿಡಿ. ಮರೆಯಬೇಡಿ, ಇಲ್ಲದಿದ್ದರೆ ಎಣಿಕೆಯಲ್ಲಿ ಒಂದು ಕಮ್ಮಿಯಾಗುತ್ತದೆ.

ಬಣ್ಣ ಉಳಿದಿದ್ದರೆ ಕಂಡೀಷನಲ್ ಫಾರ್ಮ್ಯಾಟಿಂಗ್ ಒಳಗೆ ಮ್ಯಾನೇಜ್ ರೂಲ್ಸ್ ತೆರೆಯಿರಿ. ಮೇಲಿನ ಪಟ್ಟಿಯಲ್ಲಿ ದಿಸ್ ವರ್ಕ್‌ಶೀಟ್ ಆರಿಸಿ. ಆಗ ಇಡೀ ಶೀಟಿನ ನಿಯಮಗಳೆಲ್ಲ ಕಾಣುತ್ತವೆ, ಯಾವ ನಿಯಮ ಎಲ್ಲಿಂದ ಎಲ್ಲಿಯವರೆಗೆ ಅನ್ನುವುದೂ ತಿಳಿಯುತ್ತದೆ. ಅಲ್ಲಿ ಏನೂ ಇಲ್ಲ, ಆದರೆ ಸೆಲ್ ಮೇಲೆ ನಿಂತಾಗ ಮೇಲೆ ಟೇಬಲ್ ಡಿಸೈನ್ ಅನ್ನುವ ಟ್ಯಾಬ್ ಬರುತ್ತದೆ ಅಂದರೆ ಅದು ಟೇಬಲ್ ಪಟ್ಟೆ. ಪಟ್ಟೆಯನ್ನು ಎಣಿಸುವುದರಲ್ಲಿ ಅರ್ಥವಿಲ್ಲ. ಸಾಲು ಬಿಟ್ಟು ಸಾಲಿಗೆ ಬರುವ ಅಲಂಕಾರ ಅದು. ಬ್ಯಾಂಡೆಡ್ ರೋಸ್ ಟಿಕ್ ತೆಗೆದರೆ ನಿಜವಾಗಿ ಹಚ್ಚಿದ ಬಣ್ಣ ಯಾವುದು ಅಂತ ಸ್ಪಷ್ಟವಾಗಿ ಕಾಣುತ್ತದೆ.

ಒಂದೇ ಕಾಲಂನಲ್ಲಿ ಎರಡೂ ಬೆರೆತಿರುವುದು ಉಂಟು. ಅರ್ಧ ನಿಯಮದಿಂದ ಬಂದ ಹಸಿರು, ಇನ್ನರ್ಧ ಯಾರೋ ಆತುರದಲ್ಲಿ ಕೈಯಿಂದ ಹಚ್ಚಿದ ಹಸಿರು. ಹಲವರು ಸೇರಿ ಬಳಸುವ ಶೀಟಿನಲ್ಲಿ ಇದನ್ನೇ ಮೊದಲು ಅನುಮಾನಿಸಿ. ಅದಕ್ಕೇ ಒಂದು ಸೆಲ್ ನೋಡಿ ತೀರ್ಮಾನಕ್ಕೆ ಬರಬೇಡಿ. ಮೇಲೆ, ನಡುವೆ, ಕೆಳಗೆ ಅಂತ ಮೂರು ನಾಲ್ಕು ಕಡೆ ನೋಡಿ.

ನಿಯಮದ ಬಣ್ಣವಾದರೆ ಬಣ್ಣವನ್ನೇ ಬಿಡಿ

ಕಂಡೀಷನಲ್ ಫಾರ್ಮ್ಯಾಟಿಂಗ್ ಬಣ್ಣ ಸೆಲ್ಲಿನ ಸ್ವಂತ ಬಣ್ಣವಲ್ಲ. ಪರದೆ ಮೇಲೆ ತೋರಿಸುವಾಗ ಮಾತ್ರ ಬರುತ್ತದೆ. ಮಾಮೂಲಿ ಮ್ಯಾಕ್ರೊಗಳು ಇಂಟೀರಿಯರ್.ಕಲರ್ ಅನ್ನುವುದನ್ನು ಓದುತ್ತವೆ. ಅದರಲ್ಲಿ ಇರುವುದು ಕೈಯಿಂದ ತುಂಬಿದ ಬಣ್ಣ ಮಾತ್ರ. ನಿಯಮದ ಹಸಿರು ಅದಕ್ಕೆ ಕಾಣುವುದೇ ಇಲ್ಲ. ಎಣಿಕೆ ಸೊನ್ನೆ ಬರುವುದು, ಇಲ್ಲವೇ ಬಣ್ಣವೇ ಇಲ್ಲದ ಸೆಲ್‌ಗಳೆಲ್ಲ ಲೆಕ್ಕಕ್ಕೆ ಬಂದು ಸಂಖ್ಯೆ ವಿಪರೀತ ಜಾಸ್ತಿಯಾಗುವುದು, ಎರಡಕ್ಕೂ ಇದು ಕಾರಣ. ಯಾವ ಬಣ್ಣ ಎಣಿಸಬೇಕು ಅಂತ ತೋರಿಸಲು ಮ್ಯಾಕ್ರೊಗೆ ಮಾದರಿಯಾಗಿ ಕೊಟ್ಟ ಸೆಲ್ಲಿನ ಬಣ್ಣವೂ ನಿಯಮದ್ದೇ ಆಗಿದ್ದರೆ ಮ್ಯಾಕ್ರೊ ಅದನ್ನು ಬಣ್ಣವಿಲ್ಲದ ಸೆಲ್ ಅಂತ ಓದುತ್ತದೆ. ಆಮೇಲೆ ಬಣ್ಣವಿಲ್ಲದ್ದನ್ನೆಲ್ಲ ಎಣಿಸುತ್ತದೆ.

ಎಕ್ಸೆಲ್ 2010ರಿಂದ ಡಿಸ್‌ಪ್ಲೇಫಾರ್ಮ್ಯಾಟ್ ಅನ್ನುವುದು ಬಂತು. ಪರದೆ ಮೇಲೆ ಕಾಣುವ ಬಣ್ಣವನ್ನೇ ಅದು ಕೊಡುತ್ತದೆ. ಆದರೆ ಇದಕ್ಕೊಂದು ಮಿತಿ ಇದೆ. ಸೆಲ್ಲಿನಲ್ಲಿ ಫಾರ್ಮುಲಾದಂತೆ ಬರೆಯುವ ಫಂಕ್ಷನ್ ಒಳಗೆ ಇದು ಕೆಲಸ ಮಾಡುವುದಿಲ್ಲ, #ವ್ಯಾಲ್ಯೂ! ದೋಷ ಬರುತ್ತದೆ. ಬಟನ್ ಒತ್ತಿ ಓಡಿಸುವ ಮ್ಯಾಕ್ರೊದಲ್ಲಿ ಮಾತ್ರ ಸರಿಯಾಗಿ ನಡೆಯುತ್ತದೆ. ನಿಮ್ಮ ಕೋಡಿನಲ್ಲಿ ಡಿಸ್‌ಪ್ಲೇಫಾರ್ಮ್ಯಾಟ್ ಇದ್ದು, ಸೆಲ್ಲಿನಲ್ಲಿ #ವ್ಯಾಲ್ಯೂ! ಬರುತ್ತಿದ್ದರೆ ಬೇರೆ ಕಾರಣ ಹುಡುಕುವ ಮೊದಲು ಇದನ್ನೇ ನೋಡಿ.

ನಿಜ ಹೇಳಬೇಕೆಂದರೆ ಇಲ್ಲಿ ಮ್ಯಾಕ್ರೊ ಬೇಕಾಗಿಯೇ ಇಲ್ಲ. ನಿಯಮ ಏನು ನೋಡಿ ಬಣ್ಣ ಹಚ್ಚುತ್ತಿದೆಯೋ ಅದನ್ನೇ ನೀವೂ ಎಣಿಸಿ. 35ಕ್ಕಿಂತ ಕಡಿಮೆ ಇದ್ದರೆ ಕೆಂಪು ಅಂತ ನಿಯಮ ಇದ್ದರೆ, ಕೌಂಟ್‌ಇಫ್‌ಗೆ 35ಕ್ಕಿಂತ ಕಡಿಮೆ ಅಂತ ಕೊಟ್ಟರೆ ಮುಗಿಯಿತು. ಡೇಟಾ ಬದಲಾದ ಹಾಗೆ ಎಣಿಕೆಯೂ ತಾನಾಗಿ ಬದಲಾಗುತ್ತದೆ. ಹೀಗೆ ಮಾಡಿಯೂ ಒಂದೆರಡು ಸಂಖ್ಯೆ ವ್ಯತ್ಯಾಸ ಬಂದರೆ ಎರಡು ಕಡೆ ಹುಡುಕಬೇಕು. ಮೊದಲನೆಯದು ಖಾಲಿ ಸೆಲ್. ಫಾರ್ಮುಲಾ ಬರೆದು ಮಾಡಿದ ನಿಯಮದಲ್ಲಿ ಖಾಲಿ ಸೆಲ್ ಸೊನ್ನೆ ಅಂತ ಲೆಕ್ಕವಾಗುತ್ತದೆ. ಹಾಗಾಗಿ "ಇವತ್ತಿನ ದಿನಾಂಕಕ್ಕಿಂತ ಹಿಂದಿನದು" ಅನ್ನುವ ನಿಯಮ ಖಾಲಿ ಸೆಲ್ಲಿಗೂ ಕೆಂಪು ಹಚ್ಚುತ್ತದೆ. ಕೌಂಟ್‌ಇಫ್ ಮಾತ್ರ ಖಾಲಿ ಸೆಲ್ಲನ್ನು ಬಿಟ್ಟುಬಿಡುತ್ತದೆ. ಎರಡನೆಯದು ನಿಯಮಗಳ ಸರದಿ. ಒಂದೇ ಸೆಲ್ಲಿಗೆ ಎರಡು ನಿಯಮ ಹೊಂದಿದರೆ ಮೇಲಿರುವ ನಿಯಮದ ಬಣ್ಣ ಗೆಲ್ಲುತ್ತದೆ. ಕೆಂಪು ಮೇಲಿದ್ದು ಹಳದಿ ಕೆಳಗಿದ್ದರೆ, ಹಳದಿ ಎಣಿಸುವಾಗ ಕೆಂಪಿಗೆ ಹೋದವನ್ನು ಬಿಡಬೇಕು. ಅಂದರೆ ಕೌಂಟ್‌ಇಫ್ಸ್ ಹಾಕಿ ಎರಡೂ ಷರತ್ತನ್ನು ಬರೆಯಬೇಕು.

ಮ್ಯಾಕ್ರೊ ಇಲ್ಲದೆ ಎಣಿಸಿದಾಗ ಬರುವ ತಪ್ಪುಗಳು

ಬಣ್ಣಗಳೆಲ್ಲ ಒಂದೇ ಕಾಲಂನಲ್ಲಿದ್ದರೆ ಎಲ್ಲಕ್ಕಿಂತ ನಂಬಿಕೆಯ ದಾರಿ ಫಿಲ್ಟರ್. ಫಿಲ್ಟರ್ ಬೈ ಕಲರ್ ಆರಿಸಿದರೆ ಆ ಬಣ್ಣದ ಸಾಲುಗಳು ಮಾತ್ರ ಉಳಿಯುತ್ತವೆ. ಎಕ್ಸೆಲ್ 2007ರಿಂದ ಇದು ಇದೆ. ನಿಯಮದ ಬಣ್ಣವನ್ನೂ ಇದು ಹಿಡಿಯುತ್ತದೆ, ಅದೇ ಇದರ ದೊಡ್ಡ ಅನುಕೂಲ. ಜೊತೆಗೆ ಸಬ್‌ಟೋಟಲ್ ಫಾರ್ಮುಲಾ ಹಾಕಿ, ಮೊದಲ ಜಾಗದಲ್ಲಿ 103 ಕೊಟ್ಟರೆ ಕಾಣುವ ಸಾಲುಗಳ ಎಣಿಕೆ ಸಿಗುತ್ತದೆ. 3 ಕೊಟ್ಟರೂ ಫಿಲ್ಟರ್‌ನಿಂದ ಮರೆಯಾದ ಸಾಲು ಲೆಕ್ಕಕ್ಕೆ ಬರುವುದಿಲ್ಲ. ಆದರೆ ನೀವೇ ಹೈಡ್ ಮಾಡಿದ ಸಾಲು ಬರುತ್ತದೆ. 103 ಎರಡನ್ನೂ ಬಿಡುತ್ತದೆ.

ಇಷ್ಟು ಮಾಡಿಯೂ ಎಣಿಕೆ ಕಡಿಮೆ ಬಂದರೆ, ಬಣ್ಣವಿದ್ದರೂ ಒಳಗೆ ಏನೂ ಬರೆಯದ ಸೆಲ್‌ಗಳು ಇವೆಯೇ ನೋಡಿ. 103 ಅಂದರೆ ಖಾಲಿ ಇಲ್ಲದ ಸೆಲ್‌ಗಳ ಎಣಿಕೆ. ಸುಮ್ನೆ ಬಣ್ಣ ತುಂಬಿ ಬಿಟ್ಟ ಸೆಲ್ ಅದಕ್ಕೆ ಲೆಕ್ಕವಿಲ್ಲ. ಪರಿಹಾರ ಸರಳ. ಸಬ್‌ಟೋಟಲ್‌ಗೆ ಬಣ್ಣದ ಕಾಲಂ ಕೊಡುವ ಬದಲು ಕ್ರಮಸಂಖ್ಯೆಯ ಕಾಲಂ ಕೊಡಿ. ಅದು ಯಾವತ್ತೂ ತುಂಬಿರುತ್ತದೆ ಅಲ್ವಾ? ಇನ್ನೊಂದು ಕಾರಣ, ಡೇಟಾದ ನಡುವೆ ಪೂರ್ತಿ ಖಾಲಿ ಸಾಲು ಇರುವುದು. ಒಂದೇ ಸೆಲ್ ಮೇಲೆ ನಿಂತು ಫಿಲ್ಟರ್ ಹಾಕಿದರೆ ಎಕ್ಸೆಲ್ ಆ ಖಾಲಿ ಸಾಲಿಗೇ ಡೇಟಾ ಮುಗಿಯಿತು ಅಂದುಕೊಳ್ಳುತ್ತದೆ. ಕೆಳಗಿನದ್ದು ಫಿಲ್ಟರ್ ಒಳಗೆ ಬರುವುದೇ ಇಲ್ಲ. ಫಿಲ್ಟರ್ ತೆಗೆದು, ಇಡೀ ಡೇಟಾ ಆರಿಸಿಕೊಂಡು ಮತ್ತೆ ಹಾಕಿ. ಹಾಗೆಯೇ ಸಬ್‌ಟೋಟಲ್ ಫಾರ್ಮುಲಾವನ್ನು ಡೇಟಾದ ಪಕ್ಕದಲ್ಲಿ ಬರೆಯಬೇಡಿ. ಫಿಲ್ಟರ್ ಹಾಕಿದಾಗ ಆ ಸಾಲಿನ ಜೊತೆ ಅದೂ ಮರೆಯಾಗುತ್ತದೆ. ತಲೆಬರಹದ ಮೇಲೆ ಒಂದು ಸಾಲು ಬಿಟ್ಟು ಅಲ್ಲಿ ಬರೆಯಿರಿ.

ಹಾಜರಿ ಪಟ್ಟಿಯಂತೆ ಬಣ್ಣಗಳು ಹತ್ತಾರು ಕಾಲಂಗಳಲ್ಲಿ ಚೆಲ್ಲಿದ್ದರೆ ಫಿಲ್ಟರ್ ಪ್ರಯೋಜನಕ್ಕೆ ಬರುವುದಿಲ್ಲ. ಆಗ ಫೈಂಡ್ ಬಳಸಿ. ಎಣಿಸಬೇಕಾದ ಜಾಗ ಆರಿಸಿ, ಕಂಟ್ರೋಲ್ ಮತ್ತು ಎಫ್ ಒತ್ತಿ, ಆಪ್ಷನ್ಸ್ ಒಳಗೆ ಫಾರ್ಮ್ಯಾಟ್ ಒತ್ತಿ, ಬಣ್ಣ ಆರಿಸಿ, ಫೈಂಡ್ ಆಲ್ ಕೊಡಿ. ಹುಡುಕುವ ಪದದ ಜಾಗ ಖಾಲಿ ಇರಲಿ. ಎಷ್ಟು ಸೆಲ್ ಸಿಕ್ಕವು ಅನ್ನುವುದು ಕಿಟಕಿಯ ಕೆಳಗಡೆ ಬರುತ್ತದೆ. ಖಾಲಿ ಸೆಲ್ಲಿಗೆ ಬಣ್ಣವಿದ್ದರೂ ಇಲ್ಲಿ ಸಿಗುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ಅಂದರೆ ಚೂಸ್ ಫಾರ್ಮ್ಯಾಟ್ ಫ್ರಮ್ ಸೆಲ್. ಅದು ಬಣ್ಣವನ್ನಷ್ಟೇ ಎತ್ತಿಕೊಳ್ಳುವುದಿಲ್ಲ. ಆ ಸೆಲ್ಲಿನ ಫಾಂಟ್, ಗೆರೆ, ಅಲೈನ್‌ಮೆಂಟ್, ನಂಬರ್ ಫಾರ್ಮ್ಯಾಟ್ ಎಲ್ಲವನ್ನೂ ಎತ್ತಿಕೊಳ್ಳುತ್ತದೆ. ಬಣ್ಣ ಒಂದೇ ಇದ್ದು, ಅಂಚಿನ ಗೆರೆ ಬೇರೆ ಇದ್ದರೂ ಆ ಸೆಲ್ ಸಿಗುವುದಿಲ್ಲ. ಆದ್ದರಿಂದ ಕ್ಲಿಯರ್ ಕೊಟ್ಟು, ಫಿಲ್ ಟ್ಯಾಬಿನಲ್ಲಿ ಬಣ್ಣ ಒಂದನ್ನೇ ಆರಿಸಿ. ಕೆಲಸ ಮುಗಿದ ಮೇಲೂ ಕ್ಲಿಯರ್ ಫೈಂಡ್ ಫಾರ್ಮ್ಯಾಟ್ ಕೊಡಿ. ಕೊಡದಿದ್ದರೆ ಆಮೇಲೆ ಹೆಸರೋ ಸಂಖ್ಯೆಯೋ ಹುಡುಕುವಾಗ ಹಳೆಯ ಬಣ್ಣದ ಷರತ್ತು ಜೊತೆಗೇ ಇರುತ್ತದೆ. ಕಣ್ಣೆದುರು ಇರುವುದನ್ನೂ ಇಲ್ಲ ಅನ್ನುತ್ತದೆ.

ಫೈಂಡ್‌ಗೆ ನಿಯಮದ ಬಣ್ಣ ಕಾಣುವುದಿಲ್ಲ, ಫಿಲ್ಟರ್‌ಗೆ ಕಾಣುತ್ತದೆ. ಈ ವ್ಯತ್ಯಾಸವನ್ನೇ ಪರೀಕ್ಷೆಯಾಗಿ ಬಳಸಬಹುದು. ಒಂದೇ ಕಾಲಂನಲ್ಲಿ ಒಂದೇ ಬಣ್ಣಕ್ಕೆ ಫಿಲ್ಟರ್ 20 ಅಂದು, ಫೈಂಡ್ 14 ಅಂದರೆ, ಉಳಿದ ಆರು ನಿಯಮದಿಂದ ಬಂದಿರುವ ಸಾಧ್ಯತೆ ಜಾಸ್ತಿ.

ಒಂದೇ ಹಸಿರು ಅಂದುಕೊಂಡದ್ದು ಎರಡು ಹಸಿರು

ಎಕ್ಸೆಲ್‌ನ ಸ್ಟ್ಯಾಂಡರ್ಡ್ ಹಸಿರು ಅಂದರೆ ಕೆಂಪು 0, ಹಸಿರು 176, ನೀಲಿ 80. ಅದರ ಪಕ್ಕದ ತಿಳಿ ಹಸಿರು 146, 208, 80. ಸೆಲ್ ಸ್ಟೈಲ್‌ಗಳಲ್ಲಿರುವ ಗುಡ್ ಅನ್ನುವುದರ ಹಸಿರು 198, 239, 206. ಮೂರು ಜನ ಮೂರು ಕಡೆಯಿಂದ ಹಸಿರು ಹಚ್ಚಿದರೆ ಲೆಕ್ಕದ ಪ್ರಕಾರ ಅವು ಮೂರು ಬಣ್ಣ. ಮ್ಯಾಕ್ರೊ ಸಂಖ್ಯೆ ಹೋಲಿಸಿ ನೋಡುತ್ತದೆ. ಒಂದು ಅಂಕಿ ಬೇರೆಯಾದರೂ ಆ ಸೆಲ್ ಲೆಕ್ಕದಿಂದ ಹೊರಗೆ. ಥೀಮ್ ಬಣ್ಣ ಹಚ್ಚಿದ್ದರೆ ಇನ್ನೊಂದು ತೊಡಕು. ಬೇರೆ ಥೀಮ್ ಇರುವ ವರ್ಕ್‌ಬುಕ್‌ಗೆ ಅಂಟಿಸಿದಾಗ ಬಣ್ಣ ಬೇರೆಯಾಗಬಹುದು.

ಪತ್ತೆ ಮಾಡಲು ಫಿಲ್ಟರ್ ಬೈ ಕಲರ್ ಪಟ್ಟಿ ತೆರೆದರೆ ಸಾಕು. ಕಾಲಂನಲ್ಲಿರುವ ಬಣ್ಣಗಳೆಲ್ಲ ಅಲ್ಲಿ ಬೇರೆ ಬೇರೆಯಾಗಿ ಸಾಲುಗಟ್ಟಿರುತ್ತವೆ. ಎರಡು ಹಸಿರು ಕಂಡರೆ ಕಾರಣ ಸಿಕ್ಕಿತು. ಸರಿಪಡಿಸಲು ಕಂಟ್ರೋಲ್ ಮತ್ತು ಎಚ್ ಒತ್ತಿ. ಹುಡುಕುವ ಕಡೆ ತಪ್ಪು ಹಸಿರು, ಬದಲಿಸುವ ಕಡೆ ಸರಿಯಾದ ಹಸಿರು ಕೊಟ್ಟು ರಿಪ್ಲೇಸ್ ಆಲ್ ಮಾಡಿ. ಎರಡೂ ಪದದ ಜಾಗಗಳು ಖಾಲಿ ಇರಬೇಕು.

ಬಿಳಿ ಬಣ್ಣ ಇನ್ನೂ ಸೂಕ್ಷ್ಮ. ಬಿಳಿ ತುಂಬಿದ ಸೆಲ್ಲಿಗೂ, ಏನೂ ತುಂಬದ ಸೆಲ್ಲಿಗೂ ಇಂಟೀರಿಯರ್.ಕಲರ್ ಕೊಡುವುದು ಒಂದೇ ಸಂಖ್ಯೆ, 16777215. ಬಣ್ಣವಿಲ್ಲದವನ್ನು ಬೇರೆ ಮಾಡಬೇಕಾದರೆ ಕಲರ್‌ಇಂಡೆಕ್ಸ್ ನೋಡಬೇಕು. ಏನೂ ತುಂಬದಿದ್ದರೆ ಅದು -4142 ಕೊಡುತ್ತದೆ.

ಮ್ಯಾಕ್ರೊ ಹಾಕಿದವರಿಗೆ

#ನೇಮ್? ಅಂತ ಬಂದರೆ ಎಕ್ಸೆಲ್‌ಗೆ ಆ ಫಂಕ್ಷನ್ ಸಿಕ್ಕಿಲ್ಲ. ಕೋಡನ್ನು ಮ್ಯಾಕ್ರೊ ಬರೆಯುವ ಕಿಟಕಿಯ (ವಿಬಿಎ ಎಡಿಟರ್) ಇನ್ಸರ್ಟ್ ಮೆನುವಿನ ಮಾಡ್ಯೂಲ್ ಒಳಗೆ ಹಾಕಿದ್ದೀರಾ? ಶೀಟಿನ ಕೋಡ್ ಕಿಟಕಿಯಲ್ಲಿ ಅಥವಾ ದಿಸ್‌ವರ್ಕ್‌ಬುಕ್‌ನಲ್ಲಿ ಹಾಕಿದರೆ ಸೆಲ್ಲಿನಿಂದ ಕರೆಯಲು ಬರುವುದಿಲ್ಲ. ಫೈಲನ್ನು ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿ ಸೇವ್ ಮಾಡಿದರೆ ಕೋಡ್ ಅಳಿಸಿಹೋಗುತ್ತದೆ. ಎಕ್ಸ್‌ಎಲ್‌ಎಸ್‌ಎಂ ಆಗಿರಬೇಕು. ಇಂಟರ್ನೆಟ್‌ನಿಂದ ಇಳಿಸಿದ ಫೈಲ್‌ಗಳ ಮ್ಯಾಕ್ರೊಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿಯೇ ತಡೆಯುತ್ತಿದೆ. ಫೈಲ್ ಎಲ್ಲಿಂದ ಬಂತು ಅನ್ನುವುದರ ಬಗ್ಗೆ ಪೂರ್ತಿ ನಂಬಿಕೆ ಇದ್ದರೆ ಮಾತ್ರ ಅದರ ಪ್ರಾಪರ್ಟೀಸ್ ತೆರೆದು ಅನ್‌ಬ್ಲಾಕ್ ಟಿಕ್ ಮಾಡಿ. ಬ್ರೌಸರ್‌ನಲ್ಲಿ ತೆರೆಯುವ ಎಕ್ಸೆಲ್‌ನಲ್ಲಿ ಈ ಮ್ಯಾಕ್ರೊಗಳು ಓಡುವುದಿಲ್ಲ.

ಹೊಸ ಸೆಲ್ಲಿಗೆ ಬಣ್ಣ ಹಚ್ಚಿದರೂ ಸಂಖ್ಯೆ ಕದಲುವುದಿಲ್ಲ ಅನ್ನುವುದು ಎಲ್ಲರೂ ಹೇಳುವ ದೂರು. ಬಣ್ಣ ಬದಲಾದರೆ ಮೌಲ್ಯ ಬದಲಾದಂತೆ ಅಲ್ಲ. ಮೌಲ್ಯ ಬದಲಾಗದೆ ಎಕ್ಸೆಲ್ ಮತ್ತೆ ಲೆಕ್ಕ ಹಾಕುವುದಿಲ್ಲ. ಫಂಕ್ಷನ್ ಒಳಗೆ ಅಪ್ಲಿಕೇಶನ್.ವೊಲಟೈಲ್ ಅನ್ನುವ ಸಾಲು ಇದ್ದರೆ ಎಫ್9 ಒತ್ತಿದಾಗ ಸರಿಯಾಗುತ್ತದೆ. ಇಲ್ಲದಿದ್ದರೆ ಕಂಟ್ರೋಲ್, ಆಲ್ಟ್, ಎಫ್9 ಮೂರನ್ನೂ ಒಟ್ಟಿಗೆ ಒತ್ತಿ. ಆ ಸಾಲು ಇದ್ದರೂ ಬಣ್ಣ ಹಚ್ಚಿದ ತಕ್ಷಣ ಸಂಖ್ಯೆ ಬದಲಾಗುವುದಿಲ್ಲ. ಮುಂದಿನ ಲೆಕ್ಕದವರೆಗೆ ಕಾಯಬೇಕು. ವರದಿ ಕಳಿಸುವ ಮುನ್ನ ಎಫ್9 ಒತ್ತುವುದನ್ನು ರೂಢಿ ಮಾಡಿಕೊಳ್ಳಿ. ಕ್ಯಾಲ್ಕ್ಯುಲೇಷನ್ ಆಪ್ಷನ್ಸ್ ಮ್ಯಾನ್ಯುಯಲ್‌ನಲ್ಲಿ ಇದೆಯೇ ಅನ್ನುವುದನ್ನೂ ಒಮ್ಮೆ ನೋಡಿ. ಮೊದಲು ತೆರೆದ ವರ್ಕ್‌ಬುಕ್ ಮ್ಯಾನ್ಯುಯಲ್ ಆಗಿದ್ದರೆ ಆಮೇಲೆ ತೆರೆದವೂ ಅದನ್ನೇ ಪಾಲಿಸುತ್ತವೆ.

ಎಣಿಕೆ ಜಾಸ್ತಿ ಬರುತ್ತಿದೆಯೇ? ಬಣ್ಣಗಳ ಅರ್ಥ ತಿಳಿಸಲು ಬರೆದಿಟ್ಟ ಸೂಚಿ ಸೆಲ್ ಎಣಿಸುವ ಜಾಗದ ಒಳಗೇ ಇದ್ದರೆ ಒಂದು ಜಾಸ್ತಿಯಾಗುತ್ತದೆ. ಹೈಡ್ ಆದ ಸಾಲುಗಳನ್ನೂ ಮ್ಯಾಕ್ರೊ ಎಣಿಸುತ್ತದೆ. ಮರ್ಜ್ ಮಾಡಿದ ಸೆಲ್ ಕಣ್ಣಿಗೆ ಒಂದು, ಮ್ಯಾಕ್ರೊಗೆ ಅದರೊಳಗಿನ ಸೆಲ್‌ಗಳಷ್ಟು. ಮೂರು ಸೆಲ್ ಸೇರಿಸಿದ್ದರೆ ಮೂರು ಅಂತ ಎಣಿಸುತ್ತದೆ. ಎಣಿಸುವ ಜಾಗದಲ್ಲಿ ಮರ್ಜ್ ಇಟ್ಟುಕೊಳ್ಳಬೇಡಿ ಅಂತಲೇ ನನ್ನ ಸಲಹೆ. ಇನ್ನು ಡೇಟಾ ಮುಗಿದ ಮೇಲೂ ಕೆಳಗೆ ಎಳೆದ ಬಣ್ಣ ಉಳಿದಿರಬಹುದು, ಪರದೆಯನ್ನು ಕೊನೆಯವರೆಗೆ ಸರಿಸಿ ನೋಡಿ.

ತುಂಬ ನಿಧಾನವಾದರೆ ಇಡೀ ಕಾಲಂ ಕೊಟ್ಟಿದ್ದೀರಾ ನೋಡಿ. ಒಂದು ಕಾಲಂನಲ್ಲಿ 10,48,576 ಸೆಲ್ ಇವೆ, ಅಷ್ಟನ್ನೂ ಒಂದೊಂದಾಗಿ ನೋಡಬೇಕಾಗುತ್ತದೆ. ಕೋಡಿನಲ್ಲಿ ಎಣಿಕೆಯನ್ನು ಇಂಟೀಜರ್ ಅನ್ನುವ ಬಗೆಯ ವೇರಿಯಬಲ್‌ನಲ್ಲಿ ಇಟ್ಟಿದ್ದರೆ 32,767 ದಾಟಿದ ಕೂಡಲೇ #ವ್ಯಾಲ್ಯೂ! ಬರುತ್ತದೆ. ಲಾಂಗ್ ಮಾಡಿ.

ಗೆಟ್.ಸೆಲ್ ಅನ್ನುವ ಹಳೆಯ ಎಕ್ಸೆಲ್ 4 ಮ್ಯಾಕ್ರೊ ಫಂಕ್ಷನ್ ಬಳಸುವವರೂ ಇದ್ದಾರೆ. ನೇಮ್ ಮ್ಯಾನೇಜರ್‌ನಲ್ಲಿ ಒಂದು ಹೆಸರು ಕೊಟ್ಟು, 38 ಅಥವಾ 63 ಹಾಕಿ, ಪಕ್ಕದ ಕಾಲಂನಲ್ಲಿ ಬಣ್ಣದ ಸಂಖ್ಯೆ ತೆಗೆಯುವ ದಾರಿ ಇದು. ಸಂಖ್ಯೆ ಒಂದು ಸಾಲು ಮೇಲೆ ಕೆಳಗೆ ಬರುತ್ತಿದ್ದರೆ, ಹೆಸರು ಕೊಡುವಾಗ ನೀವು ತಪ್ಪು ಸೆಲ್ ಮೇಲೆ ನಿಂತಿದ್ದಿರಿ ಅಂತ ಅರ್ಥ. ಬಿ2ರ ಬಣ್ಣ ಸಿ2ರಲ್ಲಿ ಬೇಕಾದರೆ ಸಿ2ರ ಮೇಲೆ ನಿಂತೇ ಹೆಸರು ಕೊಡಬೇಕು. ಇದು 56 ಬಣ್ಣಗಳ ಹಳೆಯ ಪಟ್ಟಿಯ ಸಂಖ್ಯೆ ಕೊಡುವುದರಿಂದ ಹತ್ತಿರದ ಎರಡು ಬಣ್ಣಕ್ಕೆ ಒಂದೇ ಸಂಖ್ಯೆ ಬರಬಹುದು. ಈಗಿನ ಎಕ್ಸೆಲ್‌ಗಳಲ್ಲಿ ಈ ಹಳೆಯ ಮ್ಯಾಕ್ರೊಗಳು ಮೊದಲೇ ಬಂದ್ ಆಗಿರುತ್ತವೆ. ಹೊಸದಾಗಿ ಶುರು ಮಾಡುವವರು ಈ ದಾರಿ ಹಿಡಿಯುವುದು ಬೇಡ.

ಗೂಗಲ್ ಶೀಟ್ಸ್ ಮತ್ತು ಕ್ಯಾಲ್ಕ್

ಗೂಗಲ್ ಶೀಟ್ಸ್‌ನಲ್ಲೂ ಬಣ್ಣ ಎಣಿಸುವ ಫಂಕ್ಷನ್ ಇಲ್ಲ. ಫಿಲ್ಟರ್ ಬೈ ಕಲರ್ ಮತ್ತು ಸಬ್‌ಟೋಟಲ್ ಜೋಡಿ ಅಲ್ಲಿಯೂ ನಡೆಯುತ್ತದೆ. ಆ್ಯಪ್ಸ್ ಸ್ಕ್ರಿಪ್ಟ್ (ಗೂಗಲ್ ಶೀಟ್ಸ್‌ನ ಮ್ಯಾಕ್ರೊ ಕೋಡ್) ಬರೆದವರಿಗೆ ಬರುವ ತೊಂದರೆ ಬೇರೆ ರೀತಿಯದು. ಫಂಕ್ಷನ್‌ಗೆ ಎ2ರಿಂದ ಎ50 ಅಂತ ಕೊಟ್ಟರೆ ಒಳಗೆ ಹೋಗುವುದು ಆ ಸೆಲ್‌ಗಳ ಮೌಲ್ಯ ಮಾತ್ರ, ಸೆಲ್‌ಗಳಲ್ಲ. ಆದ್ದರಿಂದ ಬಣ್ಣ ಕೇಳಲು ಬರುವುದಿಲ್ಲ. ವಿಳಾಸವನ್ನು ಉದ್ಧರಣ ಚಿಹ್ನೆಯ ಒಳಗೆ ಪಠ್ಯವಾಗಿ ಕೊಡಬೇಕು. ಆಮೇಲೆ ನಡುವೆ ಸಾಲು ಸೇರಿಸಿದರೆ ಆ ಪಠ್ಯ ತಾನಾಗಿ ಬದಲಾಗುವುದಿಲ್ಲ, ಅದು ನೆನಪಿರಲಿ. ಕೊಟ್ಟ ವಿವರ ಬದಲಾಗದಿದ್ದರೆ ಹಳೆಯ ಉತ್ತರವನ್ನೇ ತೋರಿಸುತ್ತದೆ. ಹಾಗಾಗಿ ಒಂದು ಚೆಕ್‌ಬಾಕ್ಸ್ ಸೆಲ್ಲನ್ನೂ ಫಂಕ್ಷನ್‌ಗೆ ಕೊಟ್ಟು, ಅದನ್ನು ಒತ್ತಿ ಲೆಕ್ಕ ಹೊಸದು ಮಾಡಿಸಬಹುದು. ಅಲ್ಲಿ ನೌ ಅಥವಾ ರ್‍ಯಾಂಡ್ ಕೊಡಲು ಬಿಡುವುದಿಲ್ಲ. ಸೆಲ್ ಒಂದೊಂದರ ಬಣ್ಣ ಕೇಳುವ ಬದಲು ಗೆಟ್‌ಬ್ಯಾಕ್‌ಗ್ರೌಂಡ್ಸ್ ಬಳಸಿ ಒಟ್ಟಿಗೆ ಕೇಳಿ. ಕಸ್ಟಮ್ ಫಂಕ್ಷನ್‌ಗೆ ಸಿಗುವುದು 30 ಸೆಕೆಂಡ್ ಮಾತ್ರ. ನಿಯಮದ ಬಣ್ಣ ಇದಕ್ಕೂ ಕಾಣುವುದಿಲ್ಲ.

ಲಿಬ್ರೆಆಫೀಸ್ ಕ್ಯಾಲ್ಕ್‌ನ ಆಟೊಫಿಲ್ಟರ್‌ನಲ್ಲಿ ಬಣ್ಣದ ಆಯ್ಕೆ 7.2ರಲ್ಲಿ ಬಂತು. ಅದಕ್ಕಿಂತ ಹಳೆಯದಿದ್ದರೆ ಮೆನುವಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ, ಅಪ್‌ಡೇಟ್ ಮಾಡಿ.

ತೊಂದರೆ ಮತ್ತೆ ಬರದಂತೆ

ಎಣಿಸಬೇಕಾದ ಮಾಹಿತಿಯನ್ನು ಬಣ್ಣದಲ್ಲಿ ಮಾತ್ರ ಇಡುವುದು ನನಗೆ ಸರಿ ಕಾಣುವುದಿಲ್ಲ. ಕಪ್ಪು ಬಿಳುಪು ಪ್ರಿಂಟ್ ತೆಗೆದರೆ, ಬರೀ ಪಠ್ಯ ಉಳಿಸುವ ಸಿಎಸ್‌ವಿ ಫೈಲ್ ಮಾಡಿದರೆ ಅದು ಹೋಗಿಬಿಡುತ್ತದೆ. ಕೆಂಪು ಹಸಿರಿನ ವ್ಯತ್ಯಾಸ ಕಾಣದವರೂ ನಮ್ಮ ಜೊತೆ ಕೆಲಸ ಮಾಡುತ್ತಿರುತ್ತಾರೆ, ಅವರಿಗೆ ಆ ಶೀಟ್ ಏನೂ ಹೇಳುವುದಿಲ್ಲ. ಒಂದು ಸ್ಥಿತಿ ಕಾಲಂ ಸೇರಿಸಿ, ಅದರಲ್ಲಿ "ಮುಗಿದಿದೆ", "ಬಾಕಿ", "ತಡ" ಅಂತ ಬರೆಯಿರಿ. ಡೇಟಾ ವ್ಯಾಲಿಡೇಷನ್‌ನಿಂದ ಪಟ್ಟಿ ಕೊಟ್ಟರೆ ಕಾಗುಣಿತ ಹೆಚ್ಚುಕಮ್ಮಿ ಆಗುವುದಿಲ್ಲ. ಬಣ್ಣ ಬೇಕೇ ಬೇಕು ಅಂದರೆ ಆ ಪದ ನೋಡಿ ಬಣ್ಣ ಹಚ್ಚುವ ನಿಯಮ ಹಾಕಿ. ಎಣಿಕೆಗೆ ಕೌಂಟ್‌ಇಫ್ ಸಾಕು.

ಹಳೆಯ ಶೀಟನ್ನು ಹೀಗೆ ಬದಲಿಸಲು ಜಾಸ್ತಿ ಹೊತ್ತು ಬೇಡ. ಹಸಿರಿಗೆ ಫಿಲ್ಟರ್ ಹಾಕಿ. ಹೊಸ ಕಾಲಂನ ಸೆಲ್‌ಗಳನ್ನು ಆರಿಸಿ, ಆಲ್ಟ್ ಮತ್ತು ಅರ್ಧವಿರಾಮ ಚಿಹ್ನೆಯ ಕೀ ಒತ್ತಿದರೆ ಕಾಣುವ ಸೆಲ್ ಮಾತ್ರ ಉಳಿಯುತ್ತವೆ. "ಮುಗಿದಿದೆ" ಅಂತ ಬರೆದು ಕಂಟ್ರೋಲ್ ಮತ್ತು ಎಂಟರ್ ಒತ್ತಿ. ಉಳಿದ ಬಣ್ಣಗಳಿಗೂ ಹೀಗೇ ಮಾಡಿ. ಪ್ರತಿ ಬಣ್ಣಕ್ಕೂ ಫಿಲ್ಟರ್ ಕೊಟ್ಟ ಎಣಿಕೆ ಮತ್ತು ಕೌಂಟ್‌ಇಫ್ ಕೊಟ್ಟ ಎಣಿಕೆ ಎರಡನ್ನೂ ಪಕ್ಕಪಕ್ಕ ಬರೆದು ತಾಳೆ ನೋಡಿ. ತಾಳೆಯಾದ ಮೇಲೆ ಕೈಯಿಂದ ಹಚ್ಚಿದ ಹಳೆಯ ಬಣ್ಣವನ್ನು ನೋ ಫಿಲ್ ಕೊಟ್ಟು ತೆಗೆದುಬಿಡಿ. ಅದನ್ನು ಬಿಟ್ಟರೆ ನಿಯಮದ ಬಣ್ಣದ ಕೆಳಗೆ ಅಡಗಿ ಕೂತಿರುತ್ತದೆ. ಯಾರಾದರೂ ಸ್ಥಿತಿಯ ಪದ ಅಳಿಸಿದ ದಿನ ಮತ್ತೆ ಮೇಲೆ ಬಂದು, ಮುಗಿಯದ ಕೆಲಸವನ್ನು ಮುಗಿದಂತೆ ತೋರಿಸುತ್ತದೆ.